ಕುರ್ಚಿ ಖಾಲಿ ಇದ್ದರೂ ಆಟ ನಿಲ್ಲುವುದಿಲ್ಲ

(ಗೆಳೆಯರ ಬಳಗವೊಂದರ ಸಂಜೆ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಜನ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಚೀನಾದ ಒಪೆರಾ ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನರಿಗೆ ನೆನಪಾಗುವುದು ಬೀಜಿಂಗ್ ಶೈಲಿ. ಬಣ್ಣ ಬಳಿದ ಮುಖ, ಎತ್ತರದ ದನಿ, ಪಲ್ಟಿ ಹೊಡೆಯುವ ಸೈನಿಕರು. ಆದರೆ ಆ ದೇಶದಲ್ಲಿ ಇಂಥ ನೂರಾರು ಬಗೆಗಳಿವೆ, ಒಂದೊಂದು ಸೀಮೆಗೆ ಒಂದೊಂದು ಮಾತು, ಒಂದೊಂದು ರಾಗ. ನಾನು ಇವತ್ತು ಹೇಳುವುದು ದಕ್ಷಿಣದ ಕ್ಯಾಂಟನೀಸ್ ಒಪೆರಾ ಬಗ್ಗೆ, ಅದರಲ್ಲೂ ಹಾಂಗ್‌ಕಾಂಗ್‌ನ ಗುಡಿಗಳ ಹಬ್ಬದಲ್ಲಿ ಆಡುವ ಆಟದ ಬಗ್ಗೆ. ಅಲ್ಲಿ ಅದಕ್ಕೆ ಸನ್‌ಗುಂಗ್ ಹೇ ಅನ್ನುತ್ತಾರೆ. ಕೆಲಸದ ಮೇಲೆ ಆ ಊರಲ್ಲಿದ್ದಾಗ ಸುಮ್ನೆ ಕುತೂಹಲಕ್ಕೆ ಹೋಗಿ ನೋಡಿದ್ದು, ಆಮೇಲೆ ಚಟವೇ ಆಯಿತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಈ ಆಟ ಆಡುವುದು ದೇವರಿಗೆ. ಇದು ಮಾತಿನ ಅಲಂಕಾರ ಅಂದುಕೊಳ್ಳಬೇಡಿ. ರಂಗ ಗುಡಿಯ ಬಾಗಿಲಿಗೆ ಮುಖ ಮಾಡಿ ನಿಂತಿರುತ್ತದೆ, ಒಳಗೆ ಕೂತ ದೇವಿ ನೇರವಾಗಿ ವೇದಿಕೆ ನೋಡಬೇಕು ಅಂತ. ಗುಡಿಯ ಎದುರು ಜಾಗ ಸಾಲದಿದ್ದರೆ ರಂಗವನ್ನು ಬೇರೆ ಮೈದಾನದಲ್ಲಿ ಕಟ್ಟಿ, ಅದಕ್ಕೆ ಎದುರಾಗಿ ಒಂದು ಪುಟ್ಟ ಚಪ್ಪರ ಹಾಕಿ, ಮೂರ್ತಿಯನ್ನೇ ಮೆರವಣಿಗೆಯಲ್ಲಿ ತಂದು ಅಲ್ಲಿ ಕೂರಿಸುತ್ತಾರೆ. ಆಟ ಮುಗಿಯುವವರೆಗೆ ದೇವರ ವಾಸ ಅಲ್ಲೇ. ಹಬ್ಬ ಮುಗಿದ ಮೇಲೆ ಮತ್ತೆ ಗುಡಿಗೆ. ನಾವೆಲ್ಲ ಆ ಚಪ್ಪರಕ್ಕೂ ರಂಗಕ್ಕೂ ನಡುವೆ ಕುರ್ಚಿ ಹಾಕಿಕೊಂಡು ಕೂತವರು, ಅಷ್ಟೇ. ಬಂದರೆ ಸಂತೋಷ. ಬರದಿದ್ದರೂ ತಾಳ ಶುರುವಾಗುತ್ತದೆ, ವೇಷ ಹೊರಗೆ ಬರುತ್ತದೆ.

ಯಾವ ದೇವರು ಅಂತ ಒಬ್ಬರು ಕೇಳಿದರು. ಹಾಂಗ್‌ಕಾಂಗ್ ಈಗ ಬ್ಯಾಂಕು, ಗಗನಚುಂಬಿ ಕಟ್ಟಡಗಳ ಊರಾದರೂ ಅದರ ಹಳೆಯ ಮಂದಿ ಮೀನುಗಾರರು, ರೈತರು. ಹಾಗಾಗಿ ಕಡಲ ದೇವರುಗಳದ್ದೇ ದೊಡ್ಡ ಪಾಲು. ತಿನ್ ಹೌ ಕಡಲ ತಾಯಿ, ಫ್ಯೂಜಿಯನ್ ಮತ್ತು ತೈವಾನ್‌ನಲ್ಲಿ ಇವಳನ್ನೇ ಮಾಜು ಅನ್ನುವುದು. ಹಂಗ್ ಶಿಂಗ್ ಕೂಡ ಕಡಲಿಗೆ ಹೋಗುವವರ ದೇವರು. ಪಾಕ್ ತೈ ಉತ್ತರ ದಿಕ್ಕಿನ ಒಡೆಯ, ಚೆಂಗ್ ಚೌ ದ್ವೀಪದಲ್ಲಿ 1783ರಲ್ಲಿ ಕಟ್ಟಿದ ಅವನ ಗುಡಿ ಇದೆ. ಒಬ್ಬೊಬ್ಬ ದೇವರಿಗೂ ಚಾಂದ್ರಮಾನದ ಪ್ರಕಾರ ಒಂದು ಹುಟ್ಟುಹಬ್ಬ ಇದೆ. ಆ ದಿನದ ಆಸುಪಾಸಿನಲ್ಲಿ ಮೂರು, ನಾಲ್ಕು, ಐದು ದಿನ ಆಟ. ಹುಟ್ಟುಹಬ್ಬದ ಉಡುಗೊರೆ ಅಂದರೂ ತಪ್ಪಿಲ್ಲ.

ಈಗ ಆ ರಂಗದ ಬಗ್ಗೆ ಹೇಳಲೇಬೇಕು, ಯಾಕೆಂದರೆ ನಾನು ಎಷ್ಟೋ ಸಲ ಆಟಕ್ಕಿಂತ ಜಾಸ್ತಿ ಹೊತ್ತು ನೋಡಿದ್ದು ಅದನ್ನೇ. ಇಡೀ ರಂಗಮಂದಿರ ಬಿದಿರಿನದ್ದು. ಮುಖ್ಯ ಕಂಬಗಳಿಗೆ ಫರ್ ಮರದ ಗಳ, ಉಳಿದದ್ದಕ್ಕೆ ಬಿದಿರು, ಮೇಲೆ ಹೊದಿಕೆಗೆ ತಗಡಿನ ಶೀಟು. ಗಳಗಳನ್ನು ಮೊಳೆ ಹೊಡೆದು ಸೇರಿಸುವುದಿಲ್ಲ, ಕಟ್ಟಿಯೇ ನಿಲ್ಲಿಸುತ್ತಾರೆ. ಹಿಂದೆ ಬಿದಿರಿನ ಸೀಳಿನಿಂದ ಕಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಪಟ್ಟಿ ಬಂದಿದೆ. ಕೆಲವೇ ಮಂದಿ ಕೆಲಸಗಾರರು, ಒಂದೆರಡು ವಾರ, ಅಷ್ಟರಲ್ಲಿ ನೂರಾರು ಜನ ಕೂರುವ ಮಂದಿರ ಎದ್ದು ನಿಲ್ಲುತ್ತದೆ. ಮೇಸ್ತ್ರಿಯ ತಲೆಯೊಳಗೇ ನಕ್ಷೆ. ಚಾವಣಿಯ ಆಕಾರದಲ್ಲೂ ಬಗೆಗಳಿವೆ, ದೊಡ್ಡ ಗಂಟೆಯ ಹಾಗಿರುವುದು ಒಂದು, ಡ್ರ್ಯಾಗನ್ ದೋಣಿಯ ಬೆನ್ನಿನ ಹಾಗಿರುವುದು ಇನ್ನೊಂದು. ಆಟ ಮುಗಿದ ಕೂಡಲೇ ಎಲ್ಲ ಬಿಚ್ಚಿ, ಗಳಗಳನ್ನು ಲಾರಿಗೋ ದೋಣಿಗೋ ಹೇರಿ, ಮುಂದಿನ ಊರು. ಇದನ್ನು ಕಟ್ಟುವ ವಿದ್ಯೆಯೇ ಒಂದು ಪರಂಪರೆ ಅಂತ 2017ರಲ್ಲಿ ಹಾಂಗ್‌ಕಾಂಗ್ ಸರ್ಕಾರ ತನ್ನ ಅಮೂರ್ತ ಪರಂಪರೆಯ ಮೊದಲ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕೆಲಸಗಾರರು ಹುಟ್ಟುವುದಿಲ್ಲ, ಅದು ಬೇರೆ ಮಾತು.

ಇದರ ಪರಾಕಾಷ್ಠೆ ನೋಡಬೇಕು ಅಂದರೆ ಪೋ ಟೊಯ್ ಎಂಬ ದ್ವೀಪಕ್ಕೆ ಹೋಗಬೇಕು. ದಕ್ಷಿಣದ ತುದಿಯಲ್ಲಿ, ಬೆರಳೆಣಿಕೆಯ ಜನ ಮಾತ್ರ ಉಳಿದಿರುವ ಬಂಡೆಗಳ ದ್ವೀಪ. ಅಲ್ಲಿನ ತಿನ್ ಹೌ ಗುಡಿ ಕಡಲಿಗೆ ಮುಖ ಮಾಡಿದೆ. ಗುಡಿಯ ಎದುರು ಸಮತಟ್ಟು ನೆಲವೇ ಇಲ್ಲ, ಬಂಡೆ ಇಳಿಜಾರಾಗಿ ನೀರಿಗೆ ಹೋಗುತ್ತದೆ. ಆದರೂ ದೇವಿಗೆ ಕಾಣಬೇಕಲ್ವಾ? ಹಾಗಾಗಿ ಆ ಇಳಿಜಾರಿನ ಮೇಲೆಯೇ, ಕಡಲ ಅಂಚಿನಲ್ಲಿ, ಉದ್ದುದ್ದ ಗಳಗಳನ್ನು ಊರಿ ರಂಗ ಎಬ್ಬಿಸುತ್ತಾರೆ. ಜನರ ಅನುಕೂಲ ನೋಡುವವರಾದರೆ ಯಾರಾದರೂ ಅಲ್ಲಿ ಕಟ್ಟುತ್ತಿದ್ದರೇ?

ರಂಗ ದೇವರಿಗೆ ಎದುರಾಗಿರಬೇಕು ಅನ್ನುವುದು ನಿನ್ನೆ ಮೊನ್ನೆಯ ಪದ್ಧತಿ ಅಲ್ಲ. ಉತ್ತರ ಚೀನಾದ ಶಾನ್‌ಶಿ ಪ್ರಾಂತ್ಯದಲ್ಲಿ ವಾಂಗ್‌ಬಾವೋ ಅನ್ನುವ ಹಳ್ಳಿ ಇದೆ, ಅಲ್ಲಿನ ಎರ್‌ಲಾಂಗ್ ಎಂಬ ದೇವರ ಗುಡಿಯ ಅಂಗಳದಲ್ಲಿ 1183ರ ರಂಗ ಇವತ್ತಿಗೂ ನಿಂತಿದೆ. ಅದೇ ಪ್ರಾಂತ್ಯದ ಹಾಂಗ್‌ಡಾಂಗ್‌ನಲ್ಲಿ ಒಂದು ಜಲದೇವರ ಗುಡಿ ಇದೆ, ಅದರ ಒಳಗೋಡೆಯ ಮೇಲೆ 1324ರಲ್ಲಿ ಬರೆದ ಚಿತ್ರ. ಅದರಲ್ಲಿರುವುದು ಒಂದು ನಾಟಕ ಮಂಡಳಿ. ಹಿಂದೆ ಡೋಲು, ಕೊಳಲು ಹಿಡಿದವರು, ಮುಂದೆ ವೇಷಧಾರಿಗಳು, ನಟ್ಟನಡುವೆ ಕೆಂಪು ನಿಲುವಂಗಿಯಲ್ಲಿ ಅಧಿಕಾರಿಯ ಪಾತ್ರ. ಮೇಲೆ ಬಟ್ಟೆಯ ಮೇಲೆ ಬರೆದಿರುವ ಹೆಸರು ಝಾಂಗ್ ಡೂಶಿಯು, ಆ ಅಧಿಕಾರಿಯ ವೇಷದಲ್ಲಿರುವ ಹೆಣ್ಣು ಅವಳೇ ಅಂತ ಬಲ್ಲವರು ಹೇಳುತ್ತಾರೆ. ಯೋಚಿಸಿ ನೋಡಿ. ಹಬ್ಬದ ಆಟ ವರ್ಷಕ್ಕೊಮ್ಮೆ. ಉಳಿದ ದಿನ ದೇವರು ಏನು ನೋಡಬೇಕು? ಗೋಡೆಯ ಮೇಲೆ ಮಂಡಳಿಯನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಹೀಗೆ ಓದಿಕೊಳ್ಳುವುದು ನನ್ನ ಇಷ್ಟ, ಇತಿಹಾಸಕಾರರು ಒಪ್ಪಬೇಕು ಅಂತ ಇಲ್ಲ.

ಕ್ಯಾಂಟನೀಸ್ ಒಪೆರಾದ ತವರು ಗುವಾಂಗ್‌ಡಾಂಗ್. ಅಲ್ಲಿನ ಫೋಶಾನ್ ಊರಿನ ಹಿರಿ ಗುಡಿಯಲ್ಲಿ 1658ರಲ್ಲಿ ಕಟ್ಟಿದ ಕಲ್ಲು, ಮರದ ರಂಗ ಇದೆ. ಅದೂ ದೇವರ ಎದುರಿಗೇ. ಆ ದೇವರು ಚೆಂಗ್ ಚೌ ದ್ವೀಪದ ಅದೇ ಪಾಕ್ ತೈ. ಮಂಡಳಿಗಳು ಕೆಂಪು ಬಣ್ಣದ ದೋಣಿಗಳಲ್ಲಿ ಮುತ್ತುನದಿಯ ಕಾಲುವೆಗಳುದ್ದಕ್ಕೂ ಊರಿಂದ ಊರಿಗೆ ಹೋಗುತ್ತಿದ್ದವು. ದೋಣಿಯಲ್ಲೇ ಊಟ, ನಿದ್ದೆ, ತಾಲೀಮು. 1854ರಲ್ಲಿ ಲಿ ವೆನ್‌ಮಾವೋ ಎಂಬ ನಟ ತನ್ನ ಜೊತೆಯವರನ್ನು ಕಟ್ಟಿಕೊಂಡು ಆಗ ಚೀನಾ ಆಳುತ್ತಿದ್ದ ಚಿಂಗ್ ದೊರೆಗಳ ವಿರುದ್ಧ ದಂಗೆಯೆದ್ದ. ದೊರೆಗಳು ಫೋಶಾನ್‌ನಲ್ಲಿದ್ದ ನಟರ ಸಂಘದ ಮನೆಯನ್ನು ನೆಲಸಮ ಮಾಡಿ ಆಟವನ್ನೇ ನಿಷೇಧಿಸಿದರು. ಹಲವು ವರ್ಷ ಬೇರೆ ಶೈಲಿಯ ಹೆಸರು ಹಾಕಿಕೊಂಡು ಕದ್ದುಮುಚ್ಚಿ ಆಡಿದರಂತೆ. ಈ ಕಥೆಗೇ ಒಂದು ಸಂಜೆ ಬೇಕು, ಇವತ್ತು ಬಿಟ್ಟುಬಿಡುತ್ತೇನೆ.

ಆಟಕ್ಕೆ ಬರೋಣ. ಮೊದಲ ದಿನ ನೇರವಾಗಿ ಕಥೆ ಶುರುವಾಗುವುದಿಲ್ಲ. ಆ ಜಾಗದಲ್ಲಿ ಹಿಂದೆ ಎಂದೂ ಆಟ ಆಗಿಲ್ಲ ಅಂತಾದರೆ ಬಿಳಿ ಹುಲಿಯ ವಿಧಿ ಮಾಡಬೇಕು. ಕಪ್ಪು ಮುಖದ ಸೇನಾಪತಿ ದೇವರ ವೇಷ ಒಂದು, ಹುಲಿಯ ವೇಷ ಒಂದು. ಹುಲಿಗೆ ಹಸಿ ಹಂದಿಮಾಂಸದ ತುಂಡು ಇಟ್ಟಿರುತ್ತಾರೆ. ಹುಲಿ ಬಂದು ಅದಕ್ಕೆ ಬಾಯಿ ಹಾಕುತ್ತದೆ, ಸೇನಾಪತಿ ಅದರ ಜೊತೆ ಕಾದಾಡಿ, ಸರಪಳಿ ಬಿಗಿದು, ಅದರ ಬೆನ್ನೇರಿ ಒಳಗೆ ಹೋಗುತ್ತಾನೆ. ಹಾಡಿಲ್ಲ, ಮಾತಿಲ್ಲ. ವಿಧಿ ಮುಗಿಯುವವರೆಗೆ ಮಂಡಳಿಯ ಒಬ್ಬರೂ ತುಟಿ ಬಿಚ್ಚುವಂತಿಲ್ಲ, ಯಾರ ಹೆಸರನ್ನೂ ಕರೆಯುವಂತಿಲ್ಲ. ಇಡೀ ಮೈದಾನ ಗಲಗಲ ಅನ್ನುವ ಊರಿನಲ್ಲಿ ನಟರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಓಡಾಡುವುದು ನೋಡಿದರೆ ಮೈ ಜುಮ್ಮೆನ್ನುತ್ತದೆ. ಇದನ್ನು ನೋಡಲು ಜನ ಮುಗಿಬೀಳುವುದೂ ಇಲ್ಲ. ಕೇಡು ಕಳೆಯುವ ಕೆಲಸ, ದೂರ ಇರುವುದೇ ಒಳ್ಳೆಯದು ಅನ್ನುವ ಭಾವನೆ.

ಆಮೇಲೆ ಶುಭದ ತುಣುಕುಗಳು. ಚೀನೀ ಪುರಾಣದ ಎಂಟು ಮಂದಿ ಚಿರಂಜೀವಿಗಳು ಬಂದು ದೇವರಿಗೆ ಹುಟ್ಟುಹಬ್ಬದ ಹಾರೈಕೆ ಹೇಳುತ್ತಾರೆ. ಮುಖವಾಡ ತೊಟ್ಟ ಅಧಿಕಾರಿ ಮಾತಿಲ್ಲದೆ ಕುಣಿದು, ಬಡ್ತಿ, ಏಳಿಗೆ ಅಂತ ಬರೆದ ಪಟ್ಟಿ ಬಿಚ್ಚಿ ತೋರಿಸುತ್ತಾನೆ. ಅಪ್ಸರೆ ಒಬ್ಬಳು ಮಗುವನ್ನು ತಂದು ಒಪ್ಪಿಸುತ್ತಾಳೆ. ಮೊದಲ ರಾತ್ರಿಯ ದೊಡ್ಡ ಸೊಗಸು ಮಾತ್ರ ಆರು ರಾಜ್ಯಗಳ ಮಂತ್ರಿಯ ಪ್ರಸಂಗ. ಪ್ರಾಚೀನ ಚೀನಾದಲ್ಲಿ ಚಿನ್ ರಾಜ್ಯದ ವಿರುದ್ಧ ಆರು ರಾಜ್ಯಗಳನ್ನು ಒಂದು ಮಾಡಿದ ಸು ಚಿನ್ ಎಂಬ ಜಾಣನಿಗೆ ಆರೂ ರಾಜರು ಪದವಿ ಕೊಡುವ ಕಥೆ. ಕಥೆ ಒಂದು ನೆಪ. ಮಂಡಳಿಯಲ್ಲಿ ಇರುವ ಎಲ್ಲರೂ, ಹೊಸ ಹುಡುಗನಿಂದ ಹಿಡಿದು ಮುಖ್ಯ ನಟಿಯವರೆಗೆ, ತಮ್ಮಲ್ಲಿರುವ ಅತಿ ಚೆಂದದ ವೇಷ ತೊಟ್ಟು ಹೊರಗೆ ಬರುತ್ತಾರೆ. ಬೆನ್ನಿಗೆ ನಾಲ್ಕು ಬಾವುಟ ಕಟ್ಟಿದ ದಳಪತಿಗಳು, ತಲೆಯ ಮೇಲೆ ಉದ್ದನೆಯ ಫೆಸೆಂಟ್ ಹಕ್ಕಿಯ ಗರಿ. ರಥ ತಳ್ಳುವ ಹೆಣ್ಣು ಪಾತ್ರಗಳಿವೆ, ಅವರ ಹೆಜ್ಜೆಯನ್ನು ಬಲ್ಲವರು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಒಟ್ಟಿನಲ್ಲಿ ಇದು ಮಂಡಳಿ ದೇವರಿಗೂ ಊರಿಗೂ ಕೊಡುವ ಹಾಜರಿ. ನೋಡಿ, ನಾವು ಇಷ್ಟು ಜನ ಬಂದಿದ್ದೇವೆ, ಕಾಸಿಗೆ ಮೋಸ ಇಲ್ಲ ಅಂತ.

ಇದೆಲ್ಲ ಆದ ಮೇಲೆ ಜನರಿಗೆ ಪ್ರಿಯವಾದ ಕಥೆಗಳು. ಅಗಲಿದ ಪ್ರೇಮಿಗಳು, ಪರೀಕ್ಷೆ ಪಾಸಾಗಿ ಅಧಿಕಾರಿಯಾಗುವ ಬಡ ಪಂಡಿತ, ಅನ್ಯಾಯದ ವಿಚಾರಣೆ, ಯುದ್ಧ. ಒಂದು ಮೇಜು, ಎರಡು ಕುರ್ಚಿ ಇದ್ದರೆ ಅರಮನೆಯೂ ಆಯಿತು, ಬೆಟ್ಟವೂ ಆಯಿತು. ಕೈಯಲ್ಲಿ ಚಾಟಿ ಹಿಡಿದರೆ ಕುದುರೆ ಏರಿದ ಹಾಗೆ. ಹಿಮ್ಮೇಳದಲ್ಲಿ ಜಾಗಟೆ, ಕೋಲಿನಿಂದ ಬಡಿಯುವ ಮರದ ತುಂಡು, ಎರಡು ತಂತಿಯ ಗಾವೋಹೂ ಇರುವುದು ನಿರೀಕ್ಷಿತ. ಆದರೆ ಅವರ ಪಕ್ಕದಲ್ಲೇ ಸ್ಯಾಕ್ಸೊಫೋನ್, ಪಿಟೀಲು ಕಂಡರೆ ಗಾಬರಿ ಆಗಬೇಡಿ, ಅವು 1920, 30ರ ದಶಕಗಳಲ್ಲೇ ಬಂದು ಸೇರಿಕೊಂಡವು. ಇನ್ನೊಂದು ಸಂಗತಿ. ಕಳೆದ ಶತಮಾನದಲ್ಲಿ ಹಾಂಗ್‌ಕಾಂಗ್‌ನ ಹೆಂಗಸರು ಮನಸೋತು ಹಿಂಬಾಲಿಸಿದ ಅತಿ ಜನಪ್ರಿಯ ನಾಯಕ ಯಾಮ್ ಕಿಮ್ ಫೈ, ಆ ನಾಯಕ ಹೆಣ್ಣು. ಬ್ರೂಸ್ ಲೀ ತಂದೆ ಲೀ ಹೊಯ್ ಚುಯೆನ್ ಕೂಡ ಕ್ಯಾಂಟನೀಸ್ ಒಪೆರಾದ ಹಾಸ್ಯನಟ. ಮಂಡಳಿಯ ಜೊತೆ ಅಮೆರಿಕ ಪ್ರವಾಸದಲ್ಲಿದ್ದಾಗಲೇ, 1940ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರೂಸ್ ಲೀ ಹುಟ್ಟಿದ್ದು. ಇದನ್ನು ಹೇಳಿದ ಮೇಲೆ ಸಭೆಯಲ್ಲಿ ಹಿಂದೆ ಕೂತಿದ್ದ ಹುಡುಗರು ಮೊಬೈಲ್ ಕೆಳಗಿಟ್ಟರು.

ವೇದಿಕೆಯ ಹಿಂದೆ ಇನ್ನೊಂದು ಪುಟ್ಟ ಗುಡಿ ಇರುತ್ತದೆ, ನಟರ ಸ್ವಂತ ದೇವರದ್ದು. ವಾ ಕ್ವಾಂಗ್, ಬೆಂಕಿಯ ದೇವರು. ಭೂಲೋಕದ ನಾಟಕದ ಮೇಲೆ ಸಿಟ್ಟಾದ ಸ್ವರ್ಗದ ದೊರೆ, ಹೋಗಿ ರಂಗಕ್ಕೆ ಬೆಂಕಿ ಇಡು ಅಂತ ಇವನನ್ನು ಕಳಿಸಿದನಂತೆ. ಬಂದವನು ಆಟ ನೋಡುತ್ತಾ ಮೈಮರೆತ. ಸುಡಲು ಮನಸ್ಸಾಗಲಿಲ್ಲ. ಕೊನೆಗೆ ನಟರಿಗೆ ಹೇಳಿದ, ಊದುಬತ್ತಿ ಜಾಸ್ತಿ ಹಚ್ಚಿ, ಹೊಗೆ ಮೇಲೆ ಹೋಗಲಿ, ಸುಟ್ಟಾಯಿತು ಅಂತ ಅವನು ತಿಳಿದುಕೊಳ್ಳಲಿ. ಈಗಲೂ ಬಣ್ಣ ಹಚ್ಚುವ ಮುಂಚೆ ನಟರು ಅವನಿಗೆ ಊದುಬತ್ತಿ ಬೆಳಗುತ್ತಾರೆ. ಬಿದಿರಿನ ಮಂದಿರದಲ್ಲಿ ಆಡುವವರು ಬೆಂಕಿಯ ದೇವರನ್ನು ಒಲಿಸಿಕೊಳ್ಳುವುದರಲ್ಲಿ ಲೆಕ್ಕಾಚಾರವೂ ಇದೆ ಅನ್ನಿ.

ಇಲ್ಲಿ ಉಡುಪಿ ಕಡೆಯವರೊಬ್ಬರು ತಡೆದು, ಇದು ನಮ್ಮ ಯಕ್ಷಗಾನದ ಹರಕೆ ಆಟವೇ ಅಲ್ವಾ ಅಂದರು. ಹೌದು, ಕಟೀಲು, ಮಂದಾರ್ತಿ ಮೇಳಗಳ ಆಟ ನೋಡಿದವರಿಗೆ ಇದನ್ನು ಅರ್ಧ ವಿವರಿಸುವ ಕೆಲಸವೇ ಇಲ್ಲ. ಚೌಕಿಯ, ಅಂದರೆ ಬಣ್ಣದ ಮನೆಯ ಪೂಜೆ, ದೇವರ ಹೆಸರಿನ ಮೇಳ, ಟಿಕೆಟ್ ಇಲ್ಲದ ಬಯಲು, ಎಲ್ಲ ಗೊತ್ತಿರುವುದೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ, ಅದು ದುಡ್ಡಿನದ್ದು. ನಮ್ಮಲ್ಲಿ ಹೆಚ್ಚಾಗಿ ಒಂದು ಮನೆಯವರು ಹರಕೆ ಹೊತ್ತು, ಕಟೀಲಿನಂಥ ಕಡೆ ಸರದಿಗಾಗಿ ವರ್ಷಗಟ್ಟಲೆ ಕಾದು, ಆಟ ಆಡಿಸುತ್ತಾರೆ. ಹಾಂಗ್‌ಕಾಂಗ್‌ನಲ್ಲಿ ಆಡಿಸುವುದು ಊರಿನ ಸಮಿತಿ. ಮನೆ ಮನೆಯಿಂದ, ಅಂಗಡಿಗಳಿಂದ ವಂತಿಗೆ ಎತ್ತುತ್ತಾರೆ. ಯಾರು ಎಷ್ಟು ಕೊಟ್ಟರು ಅಂತ ಕೆಂಪು ಕಾಗದದ ಮೇಲೆ ಬರೆದು ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಅಭಿನಂದನೆಯ ಬಣ್ಣಬಣ್ಣದ ಹೂಫಲಕಗಳು ಎರಡು ಮೂರು ಮಹಡಿ ಎತ್ತರ ನಿಂತಿರುತ್ತವೆ, ಅದರ ಮೇಲೂ ಕೊಟ್ಟವರ ಹೆಸರು. ಮರ್ಯಾದೆಯ ಪ್ರಶ್ನೆ ನೋಡಿ. ಪಕ್ಕದ ಊರಿನವರು ದೊಡ್ಡ ಮಂಡಳಿ ಕರೆಸಿದರೆ ನಾವು ಸಣ್ಣದು ಕರೆಸುವುದು ಹೇಗೆ? ಹಿಂದಿನ ಚೀನಾದಲ್ಲಿ ಇದರ ಇನ್ನೊಂದು ಮುಖವೂ ಇತ್ತು. ಊರಿನ ಕಟ್ಟಳೆ ಮುರಿದವನಿಗೆ, ಉದಾಹರಣೆಗೆ ಊರ ಕಾಡಿನ ಮರ ಕಡಿದವನಿಗೆ, ದಂಡ ಅಂತ ಒಂದು ಆಟ ಆಡಿಸುವ ಶಿಕ್ಷೆ. ತಪ್ಪು ಮಾಡಿದವನ ಖರ್ಚಿನಲ್ಲಿ ದೇವರಿಗೂ ಊರಿಗೂ ಮನರಂಜನೆ. ಇಂಥ ಕಟ್ಟಳೆ ಕೆತ್ತಿದ ಕಲ್ಲುಗಳೂ ಇವೆ. ಇದಕ್ಕಿಂತ ಚೆನ್ನಾದ ಶಿಕ್ಷೆ ನಾನು ಕೇಳಿಲ್ಲ.

ದುಡ್ಡು ಟಿಕೆಟ್‌ನಿಂದ ಬರುವುದಿಲ್ಲ ಅಂದ ಮೇಲೆ ಒಳಗಿನ ವಾತಾವರಣವೂ ಬೇರೆ. ಕೆಲವು ಕಡೆ ಮುಂದಿನ ಸಾಲು ಚಂದಾ ಕೊಟ್ಟವರಿಗೆ, ಹಿಂದೆ ಯಾರು ಬೇಕಾದರೂ ಕೂರಬಹುದು. ಅಜ್ಜಿಯರು ಚೀಲದಲ್ಲಿ ತಿಂಡಿ, ಬೀಸಣಿಗೆ ತಂದಿರುತ್ತಾರೆ. ಮಾತು ನಿಲ್ಲುವುದಿಲ್ಲ, ಮಕ್ಕಳು ಓಡುತ್ತವೆ, ಯಾರೋ ಎದ್ದು ಹೋಗಿ ಮೀನಿನ ಉಂಡೆ ತಿಂದು ಬರುತ್ತಾರೆ, ಅಷ್ಟರಲ್ಲಿ ಇಷ್ಟದ ಹಾಡು ಬಂದರೆ ಇಡೀ ಸಾಲು ತಟ್ಟನೆ ಸುಮ್ಮನಾಗಿ ನಟಿಯ ಜೊತೆ ತುಟಿ ಆಡಿಸುತ್ತದೆ. ಮೊದಲ ಸಲ ಹೋದವರಿಗೆ ಇದು ಅಗೌರವ ಅನ್ನಿಸಬಹುದು. ಜನ ಕಥೆಯನ್ನು ಬಾಯಿಪಾಠ ಬಲ್ಲವರು. ಗಮನ ಇಟ್ಟು ಕೂರುವ ಜವಾಬ್ದಾರಿ ಎದುರಿನ ಚಪ್ಪರದಲ್ಲಿ ಕೂತವರದ್ದು.

ಭಾಷೆ ಬರುವುದಿಲ್ಲವಲ್ಲ, ಏನು ಅರ್ಥವಾಗುತ್ತದೆ ಅಂತ ಕೇಳಿದರು. ನನಗೂ ಕ್ಯಾಂಟನೀಸ್ ಅಷ್ಟಕ್ಕಷ್ಟೇ. ಯಾವ ರಾತ್ರಿ ಯಾವ ಕಥೆ ಅಂತ ಹೊರಗೆ ಫಲಕ ಹಾಕಿರುತ್ತಾರೆ. ಅದರ ಫೋಟೋ ತೆಗೆದು ಗೆಳೆಯರನ್ನು ಕೇಳಿ, ಕಥೆ ತಿಳಿದುಕೊಂಡು ಹೋಗಿ, ಸಾಕು. ಮೂರೂವರೆ ಗಂಟೆ ಪೂರ್ತಿ ಕೂರಲೇಬೇಕು ಅಂತ ಹಟ ಬೇಡ. ಉಡುಪಿನ ಬಿಳಿಯ ಉದ್ದ ತೋಳನ್ನು ನಟಿ ಹೇಗೆ ಎಸೆದು ಮಡಚುತ್ತಾಳೆ ಅನ್ನುವುದೊಂದನ್ನೇ ಒಂದು ರಾತ್ರಿ ನೋಡಿ. ಧ್ವನಿವರ್ಧಕದ ಹತ್ತಿರ ಮಾತ್ರ ಕೂರಬೇಡಿ. ಈಗ ಎಲ್ಲರೂ ಮೈಕ್ ಕಟ್ಟಿಕೊಂಡು ಹಾಡುತ್ತಾರೆ, ತಗಡಿನ ಚಾವಣಿಯ ಕೆಳಗೆ ಆ ಸದ್ದು ಕಿವಿ ಕೊರೆಯುತ್ತದೆ. ನನಗೆ ಈ ಆಟದಲ್ಲಿ ಇಷ್ಟವಾಗದ ಒಂದೇ ವಿಷಯ ಇದು.

ಇದೇ ಕಲೆಯನ್ನು ತಣ್ಣನೆಯ ಸಭಾಂಗಣದಲ್ಲೂ ನೋಡಬಹುದು. ಹಾಂಗ್‌ಕಾಂಗ್‌ನ ಪಶ್ಚಿಮ ಕೌಲೂನ್‌ನಲ್ಲಿ 2019ರಲ್ಲಿ ಚೀನೀ ಒಪೆರಾಕ್ಕೆಂದೇ ಶೀಚೂ ಕೇಂದ್ರ ತೆರೆದರು, ಸಾವಿರಕ್ಕೂ ಹೆಚ್ಚು ಆಸನಗಳ ಭವ್ಯ ರಂಗ. ಧ್ವನಿ ಶುದ್ಧ, ಸಾಲುಗಳು ನಿಶ್ಶಬ್ದ. ಇನ್ನೊಂದು ಕಡೆ, ನಾರ್ತ್ ಪಾಯಿಂಟ್‌ನಲ್ಲಿ 1972ರಿಂದ ನಡೆಯುತ್ತಿದ್ದ ಸನ್‌ಬೀಮ್ ಥಿಯೇಟರ್ 2025ರಲ್ಲಿ ಬಾಗಿಲು ಹಾಕಿತು. ಕ್ಯಾಂಟನೀಸ್ ಒಪೆರಾ 2009ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದೆ. ಇಷ್ಟೆಲ್ಲ ಹೇಳಿದ ಕೂಡಲೇ ಬರುವ ಪ್ರಶ್ನೆ, ಬರೀ ಮುದುಕರೇ ನೋಡುತ್ತಾರಂತೆ, ಕಲೆ ಸಾಯುತ್ತಿದೆಯಾ? ಸಭಾಂಗಣದ ಮಟ್ಟಿಗೆ ಕುರ್ಚಿ ಎಣಿಸುವುದು ಸರಿ. ಬಿದಿರಿನ ಮಂದಿರದಲ್ಲಿ ಆ ಲೆಕ್ಕ ಹೊಂದುವುದಿಲ್ಲ. ಅರ್ಧ ಕುರ್ಚಿ ಖಾಲಿ ಇದ್ದರೂ ಮಂಡಳಿಗೆ ಪೂರ್ತಿ ಸಂಭಾವನೆ ಬಂದಿರುತ್ತದೆ, ದೇವರು ಎದ್ದು ಹೋಗಿರುವುದಿಲ್ಲ.

ಭಯ ಇರುವುದು ಬೇರೆ ಕಡೆ. ಮೀನುಗಾರರು ದೋಣಿ ಬಿಟ್ಟು ಎತ್ತರದ ಫ್ಲ್ಯಾಟ್‌ಗಳಿಗೆ ಹೋದರು. ಹಳ್ಳಿಯವರು ಬ್ರಿಟನ್, ಕೆನಡಾಕ್ಕೆ ಹೋದರು. ವಂತಿಗೆ ಎತ್ತುವ ಸಮಿತಿಯಲ್ಲಿ ಕೂರುವ ಹೊಸಬರು ಕಡಿಮೆ, ಬಿಸಿಲಲ್ಲಿ ಗಳದ ಮೇಲೆ ಹತ್ತಿ ಕಟ್ಟುವ ಹುಡುಗರು ಇನ್ನೂ ಕಡಿಮೆ. ಬಿದಿರು ಕಟ್ಟುವ ಖರ್ಚು ತಾಳದೆ ಕೆಲವು ಕಡೆ ಆಟದ ದಿನಗಳನ್ನೇ ಕಡಿಮೆ ಮಾಡುತ್ತಾರೆ. 2020ರಿಂದ ಕೋವಿಡ್ ಕಾಲದಲ್ಲಿ ಹಬ್ಬದ ಆಟಗಳು ನಿಂತಾಗ ಮಂಡಳಿಗಳ ಅನ್ನಕ್ಕೇ ಕುತ್ತು ಬಂತು, ಎಷ್ಟೋ ನಟರಿಗೆ ವರ್ಷದ ಕೆಲಸ ಅಂದರೆ ಈ ಹಬ್ಬಗಳೇ. ಕಲಾಪ್ರೇಮಿಗಳು ಎಷ್ಟು ಚಪ್ಪಾಳೆ ತಟ್ಟಿದರೂ ಇದು ಉಳಿಯಲಾರದು, ತಿನ್ ಹೌಗೆ ಕೈ ಮುಗಿಯುವ ಊರು ಉಳಿದರೆ ಉಳಿಯುತ್ತದೆ. ಸಂಸ್ಕೃತಿ ಇಲಾಖೆಯವರಿಗೆ ಈ ಮಾತು ರುಚಿಸುವುದಿಲ್ಲ, ಇರಲಿ.

ಸಿಂಗಪುರದಲ್ಲಿ ಇರುವ ನಮ್ಮವರು ಹಾಂಗ್‌ಕಾಂಗ್‌ವರೆಗೆ ಹೋಗಬೇಕಿಲ್ಲ. ಚಾಂದ್ರಮಾನದ ಏಳನೇ ತಿಂಗಳು, ಅಂದರೆ ಸುಮಾರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಹಸಿದ ಆತ್ಮಗಳ ತಿಂಗಳು ಬರುತ್ತದೆ. ಆಗ ಬಯಲಲ್ಲಿ ಹೊಕಿಯೆನ್, ಟಿಯೊಚ್ಯೂ ಎಂಬ ಚೀನೀ ಭಾಷೆಗಳ ಮಂಡಳಿಗಳ ಆಟ ಸಿಗುತ್ತದೆ, ಅಲ್ಲಿ ಅದಕ್ಕೆ ಮಲಯ್ ಭಾಷೆಯ ವಯಾಂಗ್ ಅನ್ನುವ ಹೆಸರೇ ನಿಂತಿದೆ. ಜಾಸ್ತಿ ಕಾಣುವುದು ಈಗ ಗೆಟಾಯ್ ಅನ್ನುವ ಥಳಕಿನ ಹಾಡು ಕುಣಿತ. ಅಲ್ಲಿ ಮೊದಲ ಸಾಲು ಖಾಲಿ ಬಿಟ್ಟಿದ್ದರೆ ಹೋಗಿ ಕೂರಬೇಡಿ. ಅದು ಆತ್ಮಗಳಿಗೆ ಮೀಸಲು.

ಕೊನೆಗೆ, ಹೋಗುವವರಿಗೆ. ಹಂಗ್ ಶಿಂಗ್ ಹಬ್ಬ ಚಾಂದ್ರಮಾನದ ಎರಡನೇ ತಿಂಗಳ 13, ಪಾಕ್ ತೈ ಹಬ್ಬ ಮೂರನೇ ತಿಂಗಳ 3, ತಿನ್ ಹೌ ಹಬ್ಬ ಅದೇ ತಿಂಗಳ 23. ನಮ್ಮ ಕ್ಯಾಲೆಂಡರ್ ಪ್ರಕಾರ ಮಾರ್ಚ್‌ನಿಂದ ಮೇ ಒಳಗೆ ಬರುತ್ತವೆ, ಪ್ರತಿ ವರ್ಷ ಹೊಂದಿಸಿ ನೋಡಿಕೊಳ್ಳಬೇಕು. ವೇಷದ ಪೆಟ್ಟಿಗೆಗಳ ಮೇಲೆ ಕೂರಬೇಡಿ, ಕರೆಯದೆ ವೇದಿಕೆಯ ಹಿಂದೆ ಹೋಗಬೇಡಿ, ಫೋಟೋ ತೆಗೆಯುವ ಆಸೆಗೆ ದೇವರಿಗೆ ಅಡ್ಡ ನಿಲ್ಲಬೇಡಿ. ಸಸ್ಯಾಹಾರಿಗಳು ಕೇಳಿದ್ದಕ್ಕೆ ಉತ್ತರ, ಹಬ್ಬದ ತಿಂಡಿಯಲ್ಲಿ ನಿಮಗೆ ಸಿಗುವುದು ಕಮ್ಮಿ. ಚೆಂಗ್ ಚೌನಲ್ಲಿ ನಾಲ್ಕನೇ ತಿಂಗಳಲ್ಲಿ ಬನ್ ಹಬ್ಬ ಅಂತ ಇನ್ನೊಂದು ಆಗುತ್ತದೆ, ಆಗ ಕೆಲವು ದಿನ ದ್ವೀಪದವರೇ ಮಾಂಸ ಬಿಡುತ್ತಾರೆ, ಅಲ್ಲಿನ ಮೆಕ್‌ಡೊನಾಲ್ಡ್ಸ್ ಕೂಡ ಅಣಬೆಯ ಬರ್ಗರ್ ಮಾರುತ್ತದೆ. ಚೆಂಗ್ ಚೌಗೆ ತಡರಾತ್ರಿಯೂ ಹಡಗು ಇದೆ. ಪೋ ಟೊಯ್‌ಗೆ ಮಾತ್ರ ವಾಪಸ್ ದೋಣಿ ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿ ಇಟ್ಟುಕೊಳ್ಳಿ.